ಔಷಧ ಕೊಟ್ಟ ಮೇಲೆ ಗುಣವಾಯಿತೋ, ಔಷಧದಿಂದ ಗುಣವಾಯಿತೋ?

(ರಾಯಚೂರಿನಲ್ಲಿ ಆಶಾ ಕಾರ್ಯಕರ್ತೆಯರು, ನರ್ಸುಗಳು, ಔಷಧ ಅಂಗಡಿಯವರು ಮತ್ತು ಆಸಕ್ತ ನಾಗರಿಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಳದ ನೀರು ನಾಲ್ಕು ದಿನಕ್ಕೊಮ್ಮೆ, ವಾರಕ್ಕೊಮ್ಮೆ ಬರುವ ಊರುಗಳಲ್ಲಿ ಡ್ರಮ್ಮು, ಸಿಂಟೆಕ್ಸು, ಬಾನಿಗಳಲ್ಲಿ ನೀರು ತುಂಬಿಟ್ಟುಕೊಳ್ಳದೆ ವಿಧಿಯಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದುದೂ ಆ ತಿಳಿನೀರೇ. ಹಾಗಾಗಿ ಮಳೆಗಾಲ ಬಂತೆಂದರೆ ರಾಯಚೂರು, ಬಳ್ಳಾರಿ, ಕೊಪ್ಪಳದ ಆಸ್ಪತ್ರೆಗಳ ವರಾಂಡದಲ್ಲಿ ಕೇಳುವುದು ಒಂದೇ ಪ್ರಶ್ನೆ: "ಬಿಳಿ ರಕ್ತಕಣ ಎಷ್ಟಕ್ಕ ಇಳದಾವ್ರಿ?" ಜನ ಕೇಳುತ್ತಿರುವುದು ಪ್ಲೇಟ್‌ಲೆಟ್ ಲೆಕ್ಕವನ್ನು. ಪ್ಲೇಟ್‌ಲೆಟ್ ಬಿಳಿ ರಕ್ತಕಣವಲ್ಲ, ರಕ್ತ ಹೆಪ್ಪುಗಟ್ಟಲು ನೆರವಾಗುವ ಬೇರೆಯೇ ಕಣ. ಡೆಂಗಿಯಲ್ಲಿ ಎರಡೂ ಇಳಿಯುವುದರಿಂದ ಈ ಗೊಂದಲ ಹಾಗೇ ಉಳಿದುಬಿಟ್ಟಿದೆ.

ಲೆಕ್ಕ ಇಳಿಯಿತು ಎಂದ ಕೂಡಲೇ ಪಪ್ಪಾಯಿ ಎಲೆಯ ರಸ ಬರುತ್ತದೆ. ಕುಡಿಸಿ ಎರಡು ದಿನಕ್ಕೆ ಲೆಕ್ಕ ಏರುತ್ತದೆ. ಕಣ್ಣೆದುರೇ ಏರಿದ ಮೇಲೆ ಇನ್ನೇನು ಸಾಕ್ಷಿ ಬೇಕು ಎಂದು ಯಾರಿಗಾದರೂ ಅನಿಸುವುದು ಸಹಜ. ಈಗ ಡೆಂಗಿಯ ದಿನಚರಿಯನ್ನು ಪಕ್ಕದಲ್ಲಿಟ್ಟು ನೋಡೋಣ. ಜ್ವರ ಬಂದ ಮೂರನೇ ನಾಲ್ಕನೇ ದಿನ ಪ್ಲೇಟ್‌ಲೆಟ್ ಇಳಿಯಲು ತೊಡಗುತ್ತದೆ. ಐದು ಆರನೇ ದಿನ ತಳ ಮುಟ್ಟುತ್ತದೆ. ಏಳು ಎಂಟನೇ ದಿನದ ಹೊತ್ತಿಗೆ, ಏನೂ ಕೊಡದಿದ್ದರೂ, ಹೆಚ್ಚಿನವರಲ್ಲಿ ತಾನಾಗಿ ಏರುತ್ತದೆ. ಮನೆಯವರು ಗಾಬರಿಯಾಗುವುದು ಯಾವಾಗ? ಲೆಕ್ಕ ತಳದಲ್ಲಿರುವಾಗ. ರಸ ಕುಡಿಸುವುದೂ ಆಗಲೇ. ತಳದಲ್ಲಿ ಯಾವುದನ್ನು ಕೊಟ್ಟರೂ, ಪಪ್ಪಾಯಿಯಾಗಲಿ ಕಿವಿ ಹಣ್ಣಾಗಲಿ ಬರೀ ಮಜ್ಜಿಗೆಯಾಗಲಿ, ಅದಾದ ಮೇಲೆ ಲೆಕ್ಕ ಏರುತ್ತದೆ. ರಸ ಕೊಟ್ಟವರಲ್ಲಿ ಏರಿತೇ ಎಂಬುದು ಅರ್ಧ ಪ್ರಶ್ನೆ. ಅದೇ ದಿನ, ಅದೇ ಲೆಕ್ಕದಲ್ಲಿದ್ದು ರಸ ಕುಡಿಯದವರಲ್ಲಿ ಎಷ್ಟು ಏರಿತು ಎಂದು ಕೇಳಿದಾಗಲೇ ಪ್ರಶ್ನೆ ಪೂರ್ತಿಯಾಗುತ್ತದೆ.

ಪಪ್ಪಾಯಿ ಎಲೆಯ ಬಗ್ಗೆ ಹೋಲಿಕೆಯ ಗುಂಪಿಟ್ಟು ನಡೆಸಿದ ಪ್ರಯೋಗಗಳೂ ಇವೆ. ಅವುಗಳಲ್ಲಿ ಕೆಲವು, ರಸ ಅಥವಾ ಮಾತ್ರೆ ತೆಗೆದುಕೊಂಡವರ ಪ್ಲೇಟ್‌ಲೆಟ್ ತುಸು ಬೇಗ ಏರಿದೆ ಎಂದು ಹೇಳುತ್ತವೆ. ಅದು ನಿಜವೇ ಇರಲಿ ಎಂದುಕೊಳ್ಳೋಣ. ಆದರೆ ಡೆಂಗಿಯಲ್ಲಿ ಜನ ಸಾಯುವುದು ಹೇಗೆ? ಬಹುಪಾಲು ರಕ್ತನಾಳಗಳಿಂದ ನೀರಿನಂಶ ಸೋರಿ, ರಕ್ತ ಗಟ್ಟಿಯಾಗಿ, ರಕ್ತದೊತ್ತಡ ಬಿದ್ದು. ಜ್ವರ ಇಳಿಯುವ ಹೊತ್ತಿನ 24ರಿಂದ 48 ತಾಸುಗಳಲ್ಲಿ ಈ ಸೋರಿಕೆ ಆಗುತ್ತದೆ. ರಸದಿಂದ ಸೋರಿಕೆ ಕಡಿಮೆಯಾಯಿತೇ, ಸಾವು ತಪ್ಪಿತೇ ಎಂಬುದಕ್ಕೆ ಆ ಪ್ರಯೋಗಗಳಲ್ಲಿ ಉತ್ತರವಿಲ್ಲ. ಅಳೆಯಲು ಸುಲಭವಾದುದನ್ನು ಅಳೆದಿದ್ದಾರೆ, ಮನೆಯವರಿಗೆ ಬೇಕಾದುದನ್ನು ಅಳೆದಿಲ್ಲ.

ಪ್ಲೇಟ್‌ಲೆಟ್ ಸಂಖ್ಯೆಗೂ ರೋಗಿಯ ಗತಿಗೂ ಎಷ್ಟು ದೂರವಿದೆ ಎಂಬುದನ್ನು ಸಿಂಗಪುರ ಮತ್ತು ಮಲೇಷ್ಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿತು. ಪ್ಲೇಟ್‌ಲೆಟ್ 20,000ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದಿದ್ದ, ಆದರೆ ರಕ್ತಸ್ರಾವ ಇನ್ನೂ ಶುರುವಾಗಿರದ 372 ವಯಸ್ಕರನ್ನು ಸೇರಿಸಿಕೊಂಡರು. ಚೀಟಿ ಎತ್ತಿ ಅರ್ಧ ಜನರಿಗೆ ದಾನಿಗಳ ಪ್ಲೇಟ್‌ಲೆಟ್ ಅನ್ನು ರಕ್ತನಾಳದ ಮೂಲಕ ಏರಿಸಿದರು, ಉಳಿದವರಿಗೆ ಮಾಮೂಲಿ ಆರೈಕೆ ಮಾತ್ರ. ಏರಿಸಿದವರಲ್ಲಿ ನೂರಕ್ಕೆ 21 ಮಂದಿಗೆ, ಏರಿಸದವರಲ್ಲಿ ನೂರಕ್ಕೆ 26 ಮಂದಿಗೆ ರಕ್ತಸ್ರಾವವಾಯಿತು. ಚೀಟಿಯ ಅದೃಷ್ಟದಿಂದಲೇ ಬರಬಹುದಾದಷ್ಟು ಸಣ್ಣ ಅಂತರ ಅದು. ಆದರೆ ಮೈಯೆಲ್ಲ ದದ್ದು, ಉಸಿರಾಟದ ತೊಂದರೆಯಂತಹ ಅಡ್ಡಪರಿಣಾಮಗಳು ಏರಿಸಿದವರಲ್ಲಿ ಒಟ್ಟು 13, ಏರಿಸದವರಲ್ಲಿ ಒಟ್ಟು 2. ನಮ್ಮ ಕಡೆ ಒಂದು ಚೀಲ ಪ್ಲೇಟ್‌ಲೆಟ್‌ಗಾಗಿ ರಾತ್ರೋರಾತ್ರಿ ಊರಿಂದೂರಿಗೆ ಗಾಡಿ ಮಾಡಿಕೊಂಡು ಓಡುವವರು, ಸಾಲ ಮಾಡುವವರು ಎಷ್ಟು ಜನ ಎಂಬುದು ನಿಮಗೇ ಗೊತ್ತು. ರಕ್ತ ಒಸರುತ್ತಿರುವ ರೋಗಿಯ ಮಾತು ಬೇರೆ, ಈ ಪ್ರಯೋಗ ಅಂಥವರ ಬಗ್ಗೆ ಏನನ್ನೂ ಹೇಳುವುದಿಲ್ಲ. ಕಣ್ಣಿಡಬೇಕಾದುದು ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಮೂಗಿನಲ್ಲಿ ರಕ್ತ, ಮಂಕು ಕವಿಯುವುದು, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು, ಮತ್ತು ರಕ್ತಪರೀಕ್ಷೆಯಲ್ಲಿ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಏರುತ್ತಾ ಹೋಗುವುದರ ಮೇಲೆ. "ಜ್ವರ ಬಿಡ್ತಲ್ಲ" ಎಂದು ನಿರಾಳವಾಗುವ ದಿನವೇ ಹೆಚ್ಚು ಎಚ್ಚರ ಬೇಕಾದ ದಿನ.

ಚೀಟಿ ಎಂಬ ಮಾತು ಬಂತು, ಎಂದರೆ ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ಅದೃಷ್ಟಕ್ಕೆ ಬಿಡುವುದು. ಅದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಚಿಕಿತ್ಸೆಯ ಸಾಕ್ಷ್ಯ ಹೆಚ್ಚಾಗಿ ನಿಂತಿರುವುದು ಅದರ ಮೇಲೆ. ಯಾರಿಗೆ ಔಷಧ, ಯಾರಿಗೆ ಇಲ್ಲ ಎಂಬುದನ್ನು ವೈದ್ಯರ ಕೈಗೆ ಬಿಟ್ಟರೆ ಏನಾಗುತ್ತದೆ? ಕೆಲವರು ಗಟ್ಟಿಮುಟ್ಟಾದವರಿಗೆ ಹೊಸ ಔಷಧ ಕೊಡುತ್ತಾರೆ, ತಾಳಿಕೊಳ್ಳಲಿ ಎಂದು. ಕೆಲವರು ಸಾಯುವಂತಿರುವವರಿಗೆ ಕೊಡುತ್ತಾರೆ, ಕೊನೆಯ ಪ್ರಯತ್ನ ಎಂದು. ಎರಡರಲ್ಲೂ ಗುಂಪುಗಳು ಮೊದಲೇ ಓರೆಯಾಗಿರುತ್ತವೆ, ಕೊನೆಯಲ್ಲಿ ಕಾಣುವ ವ್ಯತ್ಯಾಸ ಔಷಧದ್ದೋ ರೋಗಿಯದ್ದೋ ಬೇರ್ಪಡಿಸಲಾಗದು. ಹೊರರೋಗಿ ಚೀಟಿಯ ಸಂಖ್ಯೆ ಸಮ ಬಂದರೆ ಔಷಧ, ಬೆಸ ಬಂದರೆ ಇಲ್ಲ ಎಂದು ಮಾಡಿದರೂ ಸಾಲದು. ಮುಂದಿನ ಸಂಖ್ಯೆ ಯಾವುದೆಂದು ಚೀಟಿ ಬರೆಯುವವರಿಗೆ ಗೊತ್ತಿರುತ್ತದೆ. ತಮಗೆ ಬೇಕಾದ ರೋಗಿಯನ್ನು ಎರಡು ನಿಮಿಷ ಕೂರಿಸಿದರೆ ಆಯಿತು. ಆದ್ದರಿಂದ ಚೀಟಿ ಬರೀ ಅದೃಷ್ಟದ್ದಾಗಿದ್ದರೆ ಸಾಲದು, ರೋಗಿ ಸೇರಿಕೊಳ್ಳುವ ತನಕ ಮುಚ್ಚಿಯೂ ಇರಬೇಕು. ವರದಿಯನ್ನು ಓದುವಾಗ ಮುಚ್ಚಿದ ಲಕೋಟೆಯೋ ದೂರದ ಕಂಪ್ಯೂಟರೋ ಎಂದು ಮೊದಲು ಹುಡುಕಿ. ಆ ಸಾಲು ಕಾಣದಿದ್ದರೆ ಉಳಿದ ಅಂಕಿಗಳ ತೂಕ ಅಲ್ಲೇ ಇಳಿಯುತ್ತದೆ.

1948ರಲ್ಲಿ ಪ್ರಕಟವಾದ, ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ ಬ್ರಿಟನ್ನಿನ ಪ್ರಯೋಗ ಹೀಗೆಯೇ ಮುಚ್ಚಿದ ಲಕೋಟೆಗಳಲ್ಲಿ ನಡೆಯಿತು. ಆರು ತಿಂಗಳಲ್ಲಿ ಔಷಧ ಪಡೆದ 55 ಜನರಲ್ಲಿ 4 ಸಾವು, ಹಾಸಿಗೆಯಲ್ಲಿ ವಿಶ್ರಾಂತಿ ಮಾತ್ರ ಪಡೆದ 52 ಜನರಲ್ಲಿ 14 ಸಾವು. ಎಂಟು ವರ್ಷದ ಬಳಿಕ ಮದ್ರಾಸಿನಲ್ಲಿ ಕ್ಷಯ ಚಿಕಿತ್ಸಾ ಕೇಂದ್ರ ಶುರುವಾಗಿ, ಸ್ಯಾನಿಟೋರಿಯಂ ಎಂಬ ಕ್ಷಯದ ಆಸ್ಪತ್ರೆಯಲ್ಲಿ ಇಟ್ಟು ಔಷಧ ಕೊಡುವುದಕ್ಕೂ ಬಡವರ ಇಕ್ಕಟ್ಟಾದ ಮನೆಯಲ್ಲೇ ಕೊಡುವುದಕ್ಕೂ ಹೋಲಿಕೆ ಮಾಡಿತು. ಫಲ ಹೆಚ್ಚುಕಡಿಮೆ ಒಂದೇ ಬಂತು, ಮನೆಯವರಿಗೆ ಸೋಂಕಿನ ಅಪಾಯವೂ ಹೆಚ್ಚಲಿಲ್ಲ. ಇವತ್ತು ಲಿಂಗಸುಗೂರಿನ ಕ್ಷಯರೋಗಿ ತನ್ನ ಮನೆಯಲ್ಲೇ ಮಾತ್ರೆ ನುಂಗುತ್ತಿರುವುದರ ಬೇರು ಅಲ್ಲಿದೆ.

ಇನ್ನು ಸಲೈನ್. ಜ್ವರ ಬಂದು ಮೈ ಸೋತರೆ "ಒಂದ್ ಬಾಟ್ಲಿ ಹಚ್ರಿ" ಎನ್ನುವುದು ನಮ್ಮಲ್ಲಿ ರೂಢಿ. ಸೋಂಕಿನಿಂದ ರಕ್ತಸಂಚಾರ ಕುಗ್ಗಿದ ಮಗುವಿಗೆ ರಕ್ತನಾಳದ ಮೂಲಕ ಬೇಗ ನೀರಿನಂಶ ತುಂಬಿದರೆ ಉಳಿಯುತ್ತದೆ ಎಂಬುದು ವೈದ್ಯಶಾಸ್ತ್ರದ ತರ್ಕಕ್ಕೂ ಸರಿಯಾಗಿ ಕೂರುತ್ತಿತ್ತು, ಪಠ್ಯಪುಸ್ತಕದಲ್ಲೂ ಇತ್ತು. ಉಗಾಂಡ, ಕೀನ್ಯಾ, ತಾಂಜಾನಿಯಾಗಳಲ್ಲಿ 3,141 ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿದ ಫೀಸ್ಟ್ ಪ್ರಯೋಗ 2011ರಲ್ಲಿ ಪ್ರಕಟವಾಯಿತು. 48 ತಾಸುಗಳಲ್ಲಿ ಸಾವು ಆಲ್ಬುಮಿನ್ ಎಂಬ ಪ್ರೋಟೀನ್ ಇರುವ ದ್ರವ ತುಂಬಿದವರಲ್ಲಿ ನೂರಕ್ಕೆ 10.6, ಸಲೈನ್ ತುಂಬಿದವರಲ್ಲಿ 10.5, ಹಾಗೆ ತುಂಬದೆ ನಿಧಾನವಾಗಿ ನೋಡಿಕೊಂಡವರಲ್ಲಿ 7.3. ಒಳ್ಳೆಯದೆಂದು ನಂಬಿ ಕೊಟ್ಟದ್ದು ಸಾವಿರಕ್ಕೆ 33 ಮಕ್ಕಳನ್ನು ಹೆಚ್ಚಾಗಿ ಬಲಿ ತೆಗೆದುಕೊಂಡಿತು. ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಹೋಲಿಕೆಯ ಗುಂಪು ಇಲ್ಲದಿದ್ದರೆ ಯಾವ ವೈದ್ಯರಿಗೂ ಇದು ಕಾಣುತ್ತಿರಲಿಲ್ಲ, ಏಕೆಂದರೆ ಸಲೈನ್ ಪಡೆದ ಹತ್ತರಲ್ಲಿ ಒಂಬತ್ತು ಮಕ್ಕಳು ಬದುಕಿ ಮನೆಗೆ ಹೋಗುತ್ತಿದ್ದರು.

ಆದರೆ ಇದನ್ನು ಕೇಳಿ "ಸಲೈನೇ ವಿಷ" ಎಂದು ಹೊರಡುವುದೂ ಅಷ್ಟೇ ತಪ್ಪು. ವಾಂತಿಭೇದಿಯ ಮಕ್ಕಳನ್ನು, ತೀವ್ರ ಅಪೌಷ್ಟಿಕತೆಯ ಮಕ್ಕಳನ್ನು ಆ ಪ್ರಯೋಗಕ್ಕೆ ಸೇರಿಸಿಕೊಂಡೇ ಇರಲಿಲ್ಲ. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಮಲೇರಿಯಾ ಇತ್ತು. ವೆಂಟಿಲೇಟರ್ ಇಲ್ಲದ ಆಸ್ಪತ್ರೆಗಳು ಅವು. ಕಾಲರಾದಲ್ಲಿ ಬತ್ತಿಹೋದವರಿಗೆ, ಡೆಂಗಿಯ ಆಘಾತಕ್ಕೆ ರಕ್ತನಾಳದ ನೀರು ಇವತ್ತಿಗೂ ಜೀವ ಉಳಿಸುತ್ತದೆ, ಅಳತೆಯಲ್ಲಿ ಕೊಟ್ಟು ತಾಸುತಾಸಿಗೆ ನೋಡಿಕೊಂಡರೆ. ಯಾವ ಪ್ರಯೋಗವನ್ನಾದರೂ ಓದುವಾಗ ಯಾರನ್ನು ಸೇರಿಸಿಕೊಂಡರು ಎಂಬುದಕ್ಕಿಂತ ಯಾರನ್ನು ಹೊರಗಿಟ್ಟರು ಎಂಬ ಪ್ಯಾರಾ ಹೆಚ್ಚು ಹೇಳುತ್ತದೆ.

ಎಲ್ಲಕ್ಕೂ ಚೀಟಿ ಬೇಕೇ? ಬೇಡ. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿದುಹೋದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಲ್ಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 3.6ಕ್ಕೆ ಇಳಿಯಿತು. ಇಷ್ಟು ದೊಡ್ಡ ಇಳಿತವನ್ನು ಅದೃಷ್ಟವೋ ರೋಗಿಗಳ ವ್ಯತ್ಯಾಸವೋ ಮಾಡಲಾರದು. ಪರಿಣಾಮ ಪರ್ವತದಷ್ಟಿದ್ದರೆ ಬರಿಗಣ್ಣಿಗೇ ಕಾಣುತ್ತದೆ. ಆದರೆ ನೂರಕ್ಕೆ ಎರಡು ಮೂರರಷ್ಟು ವ್ಯತ್ಯಾಸ ಮಾಡುವ ಔಷಧಗಳೇ ಹೆಚ್ಚು, ಅವಕ್ಕೆ ಚೀಟಿ ಬೇಕೇ ಬೇಕು. ಈಗಿನ ಓಆರ್‌ಎಸ್ ಪೊಟ್ಟಣ 20.5 ಗ್ರಾಂ ಇರುತ್ತದೆ, ಒಂದು ಲೀಟರ್ ನೀರಿಗೆ. ಒಂದು ಲೋಟಕ್ಕೆ ಇಡೀ ಪೊಟ್ಟಣ ಸುರಿದರೆ ಉಪ್ಪಿನಂಶ ಅಪಾಯದ ಮಟ್ಟಕ್ಕೇರುತ್ತದೆ, ಎರಡು ಲೀಟರ್‌ಗೆ ಹಾಕಿದರೆ ಕೆಲಸಕ್ಕೆ ಬಾರದು. ಸಾಕ್ಷ್ಯ ಇರುವುದು ಆ ಅಳತೆಗೆ. ಅಂಗಡಿಯಲ್ಲಿ ಹೆಚ್ಚುಕಡಿಮೆ ಅದೇ ಹೆಸರಿನಂತೆ ಕಾಣುವ ಸಿಹಿ ಪಾನೀಯಗಳಿಗೆ ಆ ಸಾಕ್ಷ್ಯ ಸಲ್ಲುವುದಿಲ್ಲ.

ಈಗ ಸ್ವಲ್ಪ ಲೆಕ್ಕ. ತೀವ್ರ ಮಲೇರಿಯಾಕ್ಕೆ ಹಿಂದೆ ಕ್ವಿನೈನ್ ಕೊಡುತ್ತಿದ್ದರು. ಭಾರತ, ಬಾಂಗ್ಲಾದೇಶ, ಮ್ಯಾನ್ಮಾರ್, ಇಂಡೊನೇಷ್ಯಾಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರ್ಟೆಸುನೇಟ್ ಪಡೆದ 730 ಜನರಲ್ಲಿ 107, ಕ್ವಿನೈನ್ ಪಡೆದ 731 ಜನರಲ್ಲಿ 164 ಮಂದಿ ಸತ್ತರು. ಇದನ್ನು "ಸಾವು ಮೂರನೇ ಒಂದು ಭಾಗ ಕಡಿಮೆ" ಎಂದೂ ಹೇಳಬಹುದು, "ನೂರರಲ್ಲಿ ಸುಮಾರು 8 ಜೀವ ಹೆಚ್ಚಾಗಿ ಉಳಿಯಿತು" ಎಂದೂ ಹೇಳಬಹುದು. ಎರಡೂ ನಿಜ. ಔಷಧ ಮಾರುವವರು ಮೊದಲನೆಯದನ್ನು ಹೇಳುತ್ತಾರೆ, ನೀವು ಎರಡನೆಯದನ್ನು ಕೇಳಬೇಕು. ನೂರನ್ನು 7.8ರಿಂದ ಭಾಗಿಸಿದರೆ ಸುಮಾರು 13: ಹದಿಮೂರು ಜನರಿಗೆ ಕ್ವಿನೈನ್ ಬದಲು ಆರ್ಟೆಸುನೇಟ್ ಕೊಟ್ಟರೆ ಒಂದು ಹೆಚ್ಚಿನ ಜೀವ. ಐದು ವರ್ಷದ ಬಳಿಕ ಆಫ್ರಿಕಾದ 5,425 ಮಕ್ಕಳಲ್ಲೂ ಸಾವು 10.9ರಿಂದ 8.5ಕ್ಕೆ ಇಳಿಯಿತು. ಬೇರೆ ಖಂಡ, ಬೇರೆ ವಯಸ್ಸು, ಅದೇ ದಿಕ್ಕಿನ ಫಲ. ಒಂದೇ ಪ್ರಯೋಗ ಎಷ್ಟು ದೊಡ್ಡದಿದ್ದರೂ ಇನ್ನೊಂದು ಅದನ್ನು ಎತ್ತಿಹಿಡಿದಾಗ ಬರುವ ಧೈರ್ಯವೇ ಬೇರೆ.

ಫಲಿತಾಂಶಗಳನ್ನು ಒಂದೇ ಚೀಲಕ್ಕೆ ತುಂಬುವುದೂ ಉಂಟು. ಸ್ಕ್ರಬ್ ಟೈಫಸ್ ಎಂಬ, ಹೊಲದ ಬದುವಿನ ಸಣ್ಣ ನುಸಿಮರಿ ಕಚ್ಚಿ ಬರುವ ಜ್ವರದ ಮೇಲೆ ಭಾರತದ 7 ಆಸ್ಪತ್ರೆಗಳಲ್ಲಿ ನಡೆದ ಇಂಟ್ರೆಸ್ಟ್ ಪ್ರಯೋಗ 2023ರಲ್ಲಿ ಬಂತು. ತೀವ್ರ ರೋಗದ 794 ಜನ, ಎರಡು ಆಂಟಿಬಯೋಟಿಕ್‌ಗಳ ಹೋಲಿಕೆ. ಸಾವು, ಏಳನೇ ದಿನಕ್ಕೂ ಉಳಿದ ಅಂಗಾಂಗ ತೊಂದರೆ, ಐದನೇ ದಿನಕ್ಕೂ ಬಿಡದ ಜ್ವರ, ಈ ಮೂರರಲ್ಲಿ ಯಾವುದಾದರೂ ಒಂದು ಆದವರು ಡಾಕ್ಸಿಸೈಕ್ಲಿನ್ ಗುಂಪಿನಲ್ಲಿ ನೂರಕ್ಕೆ 47, ಅಜಿಥ್ರೋಮೈಸಿನ್ ಗುಂಪಿನಲ್ಲಿ 48, ಎರಡನ್ನೂ ಸೇರಿಸಿ ಕೊಟ್ಟವರಲ್ಲಿ 33. ಒಳ್ಳೆಯ ಸುದ್ದಿಯೇ. ಆದರೆ ಚೀಲ ಬಿಚ್ಚಿ ನೋಡಿದರೆ ಲಾಭ ಹೆಚ್ಚಾಗಿ ಇದ್ದದ್ದು ಅಂಗಾಂಗ ತೊಂದರೆ ಬೇಗ ಇಳಿಯುವುದರಲ್ಲಿ. 28 ದಿನಗಳ ಸಾವಿನಲ್ಲಿ ಎದ್ದುಕಾಣುವ ವ್ಯತ್ಯಾಸ ಇರಲಿಲ್ಲ. ತೀವ್ರ ರೋಗಿಗೆ ಎರಡನ್ನೂ ಕೊಡಲು ಇದು ಸಾಕಷ್ಟು ಆಧಾರ. ಊರಲ್ಲಿ ಜ್ವರ ಬಂದವರಿಗೆಲ್ಲ ಎರಡನ್ನೂ ಬರೆಯಲು ಆಧಾರವಲ್ಲ.

ಕೋವಿಡ್ ಕಾಲದ ಪ್ಲಾಸ್ಮಾ, ಎಂದರೆ ಗುಣವಾದವರ ರಕ್ತದಿಂದ ತೆಗೆದ ದ್ರವ, ನೆನಪಿರಬಹುದು. ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ಪ್ಲಾಸಿಡ್ ಪ್ರಯೋಗದಲ್ಲಿ ಪ್ಲಾಸ್ಮಾ ಪಡೆದವರಲ್ಲಿ ನೂರಕ್ಕೆ 19, ಪಡೆಯದವರಲ್ಲಿ 18 ಮಂದಿ ಸತ್ತರು ಇಲ್ಲವೇ ರೋಗ ತೀವ್ರವಾಯಿತು. ಲಾಭವಿಲ್ಲ. ಆದರೂ ಉಸಿರಾಟದ ಕಷ್ಟ, ಸುಸ್ತು ಪ್ಲಾಸ್ಮಾ ಪಡೆದವರಲ್ಲಿ ಬೇಗ ಕಡಿಮೆಯಾದಂತೆ ಕಂಡಿತು. ತಮಗೆ ಪ್ಲಾಸ್ಮಾ ಸಿಕ್ಕಿದೆ ಎಂದು ರೋಗಿಗೂ ಗೊತ್ತಿತ್ತು, ವೈದ್ಯರಿಗೂ ಗೊತ್ತಿತ್ತು. ಹೇಳಿಕೆಯ ಮೇಲೆ ನಿಂತ ಫಲಿತಾಂಶಕ್ಕೆ ಇದು ಬಣ್ಣ ಬಳಿಯಬಲ್ಲದು, ಸಾವಿನ ಲೆಕ್ಕಕ್ಕೆ ಬಳಿಯಲಾರದು. ಗುಂಪು ಯಾವುದೆಂದು ಎಲ್ಲರಿಗೂ ತಿಳಿದಿರುವ ಪ್ರಯೋಗದಲ್ಲಿ ನೋವು, ಸುಸ್ತು, ಹಸಿವೆಯಂಥವುಗಳನ್ನು ಅರ್ಧ ನಂಬಿ.

ಸ್ಟೆರಾಯ್ಡ್ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. 2020ರ ರಿಕವರಿ ಪ್ರಯೋಗದಲ್ಲಿ ಡೆಕ್ಸಾಮೆಥಸೋನ್, ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳಲ್ಲಿ ಸಾವನ್ನು ನೂರಕ್ಕೆ 41.4ರಿಂದ 29.3ಕ್ಕೆ ಇಳಿಸಿತು. ಆಮ್ಲಜನಕವೇ ಬೇಕಿಲ್ಲದವರಲ್ಲಿ ಸಾವು ಕೊಡದಿದ್ದಾಗ 14.0, ಕೊಟ್ಟಾಗ 17.8. ಈ ಕೊನೆಯ ಅಂತರವನ್ನು ಖಚಿತ ಹಾನಿ ಎನ್ನಲಾಗದು, ಲಾಭ ಎಂದಂತೂ ಯಾರೂ ಹೇಳಲಾರರು. ಅದೇ ಔಷಧ, ಅದೇ ರೋಗ, ಬೇರೆ ಹಂತ. ಸಾದಾ ಜ್ವರಕ್ಕೆ ಡೆಕ್ಸಾ ಸೂಜಿ ಮಾಡಿದರೆ ಸಂಜೆಯೊಳಗೆ ಜ್ವರ ಇಳಿದು ಮೈ ಹಗುರಾಗುತ್ತದೆ, ರೋಗಿ ಕೈಮುಗಿದು ಹೋಗುತ್ತಾನೆ. ಒಳಗಿನ ಸೋಂಕು ಹಾಗೇ ಇರುತ್ತದೆ, ಅದರ ಗುರುತು ಮಾತ್ರ ಅಳಿಸಿಹೋಗಿರುತ್ತದೆ.

ರೋಗವೇ ಬೇರೆಯಾಗಿದ್ದರೆ ಚಿಕಿತ್ಸೆಯ ಲೆಕ್ಕವೆಲ್ಲ ಕುಸಿಯುತ್ತದೆ. ವಿಡಾಲ್ ಪರೀಕ್ಷೆಯ ಚೀಟಿ ಹಿಡಿದು "ಟೈಫಾಯಿಡ್ ಪಾಸಿಟಿವ್" ಎನ್ನುವವರು ಪ್ರತಿ ಓಣಿಯಲ್ಲೂ ಇದ್ದಾರೆ. ತಿಳಿಯಲೆಂದು ಒಂದು ಊಹೆಯ ಲೆಕ್ಕ: ಜ್ವರ ಬಂದ 100 ಜನರಲ್ಲಿ ನಿಜವಾದ ಟೈಫಾಯಿಡ್ 5 ಮಂದಿಗೆ. ಪರೀಕ್ಷೆ ಅವರಲ್ಲಿ 4 ಜನರನ್ನು ಹಿಡಿಯಿತು. ಉಳಿದ 95ರಲ್ಲಿ ಐದರಲ್ಲೊಬ್ಬರಿಗೆ ತಪ್ಪಾಗಿ ಪಾಸಿಟಿವ್ ತೋರಿಸಿದರೆ 19. ಒಟ್ಟು ಪಾಸಿಟಿವ್ 23, ನಿಜವಾದದ್ದು 4. ಉಳಿದ 19 ಮಂದಿಯ ಜ್ವರ ಬಹುಪಾಲು ತಾನಾಗಿ ಬಿಡುವಂಥದ್ದು. ಅವರಿಗೆ ಏನು ಕೊಟ್ಟರೂ ಅದು "ಟೈಫಾಯಿಡ್ ಗುಣಪಡಿಸಿದ ಔಷಧ"ವಾಗುತ್ತದೆ. ಅದಕ್ಕೇ ಒಳ್ಳೆಯ ಪ್ರಯೋಗಗಳು ರಕ್ತದ ಕಲ್ಚರ್‌ನಲ್ಲಿ ರೋಗಾಣು ಬೆಳೆದವರನ್ನು ಬೇರೆಯಾಗಿ ಎಣಿಸುತ್ತವೆ. ಕಲ್ಚರ್ ಕೂಡ ನೂರಕ್ಕೆ 60ರಷ್ಟನ್ನು ಮಾತ್ರ ಹಿಡಿಯುತ್ತದೆ, ಆಂಟಿಬಯೋಟಿಕ್ ಶುರುಮಾಡಿದ ಮೇಲೆ ರಕ್ತ ತೆಗೆದರೆ ಇನ್ನೂ ಕಡಿಮೆ. ನಿಜವಾದ ಟೈಫಾಯಿಡ್‌ನಲ್ಲಿ ಸರಿಯಾದ ಔಷಧ ಬಿದ್ದರೂ ಜ್ವರ ಬಿಡಲು ನಾಲ್ಕೈದು ದಿನ ಬೇಕು. ಮೂರನೇ ದಿನಕ್ಕೆ ತಾಳ್ಮೆಗೆಟ್ಟು ಔಷಧ ಬದಲಿಸಿದರೆ, ಐದನೇ ದಿನ ಹೆಸರು ಬರುವುದು ಎರಡನೆಯದಕ್ಕೆ.

ಸಾಕ್ಷ್ಯಕ್ಕೂ ಊರು ಉಂಟು, ಆಯುಷ್ಯ ಉಂಟು. ಮರಳುನೊಣ ಕಚ್ಚಿ ಹರಡುವ ಕಾಲಾ ಅಜಾರ್ ಎಂಬ ಜ್ವರಕ್ಕೆ ದಶಕಗಳಿಂದ ಕೊಡುತ್ತಿದ್ದ ಆಂಟಿಮನಿ ಔಷಧ 2000ದ ಹೊತ್ತಿಗೆ ಉತ್ತರ ಪ್ರದೇಶದಲ್ಲಿ ನೂರಕ್ಕೆ 86 ಜನರನ್ನು ಗುಣಪಡಿಸುತ್ತಿದ್ದರೆ, ಪಕ್ಕದ ಬಿಹಾರದಲ್ಲಿ 35 ಜನರನ್ನು ಮಾತ್ರ. ನೇಪಾಳದಲ್ಲಿ 2011ರಲ್ಲಿ ಟೈಫಾಯಿಡ್‌ಗೆ ಒಳ್ಳೆಯದೆನಿಸಿದ ಗ್ಯಾಟಿಫ್ಲಾಕ್ಸಸಿನ್‌ನ ಮುಂದಿನ ಪ್ರಯೋಗವನ್ನು, ಔಷಧಕ್ಕೆ ಬಗ್ಗದ ತಳಿ ಬಂದದ್ದರಿಂದ ನಡುವೆಯೇ ನಿಲ್ಲಿಸಿದರು. ಅದರ ವರದಿ ಬಂದದ್ದು 2016ರಲ್ಲಿ. ಅದೇ ಕುಟುಂಬದ ಸಿಪ್ರೊಫ್ಲಾಕ್ಸಸಿನ್ ನಮ್ಮ ಅಂಗಡಿಗಳಲ್ಲಿ ಇನ್ನೂ ಜ್ವರಕ್ಕೆ ಮಾರಾಟವಾಗುತ್ತಿದೆ. ಇನ್ನು ವೈವಾಕ್ಸ್ ಎಂಬ ಬಗೆಯ ಮಲೇರಿಯಾದ ಪ್ರಯೋಗ ಎಂದರೆ ಎಷ್ಟು ದಿನ ಹಿಂಬಾಲಿಸಿದರು ಎಂದು ಕೇಳಿ. ಯಕೃತ್ತಿನಲ್ಲಿ ಅಡಗಿದ ರೋಗಾಣು ತಿಂಗಳುಗಟ್ಟಲೆ ಕಳೆದು ಮತ್ತೆ ಏಳುತ್ತದೆ, 28 ದಿನಕ್ಕೆ ಮುಗಿಸಿದ ಪ್ರಯೋಗಕ್ಕೆ ಅದು ಕಾಣುವುದೇ ಇಲ್ಲ. ಹಾಗೆ ಅಡಗಿದ್ದನ್ನು ಕೊಲ್ಲಲು ಕೊಡುವ 14 ದಿನದ ಪ್ರೈಮಾಕ್ವಿನ್ ಅನ್ನು ಮೂರೇ ದಿನಕ್ಕೆ ಬಿಡುವವರಿಗೂ ಕಾಣುವುದಿಲ್ಲ, ಮತ್ತೆ ಚಳಿಜ್ವರ ಬರುವ ತನಕ.

ಸುಳ್ಳು ಅಂಕಿಗಳ ಮಾತನ್ನೂ ಆಡಬೇಕು. ಕೋವಿಡ್‌ಗೆ ಐವರ್‌ಮೆಕ್ಟಿನ್ ಎಂಬ ಹುಳದ ಔಷಧ ರಾಮಬಾಣ ಎಂದ ಈಜಿಪ್ಟಿನ ವರದಿಯೊಂದನ್ನು, ಅದರ ದತ್ತಾಂಶದಲ್ಲಿ ನಕಲು ಸಾಲುಗಳಂಥ ದೋಷಗಳು ಕಂಡುಬಂದ ಮೇಲೆ, 2021ರ ಜುಲೈನಲ್ಲಿ ಹಿಂತೆಗೆಯಲಾಯಿತು. ಅದನ್ನು ಕೂಡಿಸಿಕೊಂಡಿದ್ದ ಒಟ್ಟು ವಿಶ್ಲೇಷಣೆಗಳ ಲಾಭವೂ ಅದನ್ನು ತೆಗೆದ ಮೇಲೆ ಬಹುಮಟ್ಟಿಗೆ ಕರಗಿತು. ಇಪ್ಪತ್ತು ಅಧ್ಯಯನ ಕೂಡಿಸಿದ್ದೇವೆ ಎಂಬ ಮಾತಿಗೆ ಮರುಳಾಗಬೇಡಿ, ಜೋಳದ ರಾಶಿಯಲ್ಲಿ ಕಲ್ಲು ಸೇರಿದರೂ ತೂಕ ಹೆಚ್ಚುತ್ತದೆ. ಭಾರತದ ಪ್ರಯೋಗಗಳು ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿ ಇರಬೇಕು, ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಮೊದಲ ರೋಗಿ ಸೇರುವ ಮುನ್ನ ನೋಂದಣಿಯಾಗಿತ್ತೇ, ಅಲ್ಲಿ ಬರೆದ ಮುಖ್ಯ ಫಲಿತಾಂಶವೇ ಪ್ರಕಟಣೆಯಲ್ಲೂ ಮುಖ್ಯವಾಗಿದೆಯೇ, ಎಷ್ಟು ಜನ ಎಂದಿದ್ದರು ಎಷ್ಟು ಜನ ಸೇರಿದರು, ನಡುವೆ ಕಳೆದುಹೋದವರು ಎಷ್ಟು. ಹತ್ತು ನಿಮಿಷದ ಕೆಲಸ. ಸಾವು ಎಂದು ಬರೆದು ಕೊನೆಗೆ ಪ್ಲೇಟ್‌ಲೆಟ್ ಎಂದು ಪ್ರಕಟಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಈ ಭಾಗಕ್ಕೆ ನೇರವಾಗಿ ಬೇಕಾದ ಒಂದು ಸಾಕ್ಷ್ಯ ಕೊನೆಗೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡದ 4 ಜಿಲ್ಲೆಗಳಲ್ಲಿ ನಡೆಸಿದ ರೇಷನ್ಸ್ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಕ್ಷಯರೋಗಿಗಳೆಲ್ಲರಿಗೂ ಆಹಾರ ಕೊಟ್ಟರು. ಚೀಟಿ ಎತ್ತಿದ್ದು ಮನೆಯ ಉಳಿದವರಿಗಾಗಿ, ಅದೂ ಒಬ್ಬೊಬ್ಬರಿಗಲ್ಲ, ಇಡೀ ಕ್ಷಯ ಘಟಕಕ್ಕೆ (ಒಂದಷ್ಟು ಊರುಗಳ ಕ್ಷಯರೋಗಿಗಳನ್ನು ನೋಡಿಕೊಳ್ಳುವ ಸರ್ಕಾರಿ ವಿಭಾಗ) ಒಂದು ಚೀಟಿಯಂತೆ. ಹತ್ತಿರಹತ್ತಿರದ ಮನೆಗಳಲ್ಲಿ ಒಂದಕ್ಕೆ ಕೊಟ್ಟು ಇನ್ನೊಂದಕ್ಕೆ ಕೊಡದಿದ್ದರೆ ಜಗಳವೂ ಆಗುತ್ತದೆ, ಕಾಳು ಹಂಚಿಕೆಯೂ ಆಗುತ್ತದೆ, ಹೋಲಿಕೆ ಕೆಡುತ್ತದೆ. ಒಂದು ಗುಂಪಿನ ವಯಸ್ಕರಿಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ. ದಿನಕ್ಕೆ ಸುಮಾರು 750 ಕ್ಯಾಲೊರಿ, 23 ಗ್ರಾಂ ಪ್ರೋಟೀನ್. ಒಟ್ಟು 10,345 ಜನರಲ್ಲಿ ಆಹಾರ ಸಿಗದ ಮನೆಗಳಲ್ಲಿ ನೂರಕ್ಕೆ 2.6 ಮಂದಿಗೆ, ಸಿಕ್ಕ ಮನೆಗಳಲ್ಲಿ 1.7 ಮಂದಿಗೆ ಹೊಸದಾಗಿ ಕ್ಷಯ ಬಂತು. ಬರಿಯ ಎಣಿಕೆ ಇಷ್ಟು. ಹಿಂಬಾಲಿಸಿದ ಅವಧಿಯನ್ನೂ ಘಟಕಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಇಳಿತ ನೂರಕ್ಕೆ 39, ಪ್ರಯೋಗಾಲಯದಲ್ಲಿ ಖಚಿತವಾದ ಕ್ಷಯದಲ್ಲಿ 48.

ಯಾರಿಗೆ ಆಹಾರ ಸಿಕ್ಕಿತು ಎಂಬುದು ಇಲ್ಲೂ ಎಲ್ಲರಿಗೂ ಗೊತ್ತಿತ್ತು. ಆದರೆ ಕಫದಲ್ಲಿ ರೋಗಾಣು ಕಾಣುವುದು ಬಿಡುವುದು ಯಾರ ನಂಬಿಕೆಯನ್ನೂ ಕೇಳುವುದಿಲ್ಲ, ಅದಕ್ಕೇ ಖಚಿತವಾದ ಕ್ಷಯದ ಅಂಕಿಗೆ ಹೆಚ್ಚು ತೂಕ. ಇದು ದೇವದುರ್ಗಕ್ಕೆ, ಕುಷ್ಟಗಿಗೆ ಸಲ್ಲುತ್ತದೆಯೇ ಎಂದು ಕೇಳುವುದು ಸರಿಯಾದ ಪ್ರಶ್ನೆ. ಮನೆಯವರ ತೂಕ, ಎತ್ತರ ಅಳೆದು ನೋಡಿ. ಜಾರ್ಖಂಡದ ಆ ಮನೆಗಳಂತೆ ಇಲ್ಲೂ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 18.5ಕ್ಕಿಂತ ಕೆಳಗಿರುವವರು ಹೆಚ್ಚಿದ್ದರೆ ಲಾಭವನ್ನು ನಿರೀಕ್ಷಿಸಬಹುದು, ಹೊಟ್ಟೆತುಂಬ ಉಣ್ಣುವ ಮನೆಗಳಲ್ಲಿ ಅಷ್ಟು ನಿರೀಕ್ಷಿಸಲಾಗದು. ಕ್ಷಯರೋಗಿಯ ಆಹಾರಕ್ಕೆಂದು ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ತಿಂಗಳ 1,000 ರೂಪಾಯಿ ರೋಗಿಯ ಖಾತೆಗೆ ಬರುತ್ತದೆ, ಪ್ರಯೋಗದ ಲಾಭ ಕಂಡದ್ದು ಮನೆಯ ಉಳಿದವರ ತಟ್ಟೆಗೂ ಬಿದ್ದಾಗ. ಅಕ್ಕಿಯ ಬದಲು ಜೋಳ ಕೊಟ್ಟರೆ ನಮ್ಮ ಜನಕ್ಕೆ ರೊಟ್ಟಿಯ ರೂಢಿ ಇದೆ, ನೂರು ಗ್ರಾಂಗೆ ಪ್ರೋಟೀನೂ ಸುಮಾರು 10 ಗ್ರಾಂ, ಅಕ್ಕಿಗಿಂತ ಹೆಚ್ಚು. ಆದರೆ ಜೋಳದ ಪ್ರೋಟೀನ್ ಅಕ್ಕಿಯದಷ್ಟು ಚೆನ್ನಾಗಿ ಜೀರ್ಣವಾಗದು, ಹಾಗಾಗಿ ಜೋಳ ಕೊಟ್ಟೆವೆಂದು ತೊಗರಿಬೇಳೆಯ ಒಂದೂವರೆ ಕಿಲೋದಲ್ಲಿ ಕಡಿತ ಮಾಡುವಂತಿಲ್ಲ.